ಗೋಡೆ ಮುಚ್ಚುವ ಮುನ್ನ: ಕೊಠಡಿಗೊಂದು ಟಿ.ವಿ. ಕೇಬಲ್

ಹಳೆಯ ಮನೆಯ ವಿದ್ಯುತ್ ತಂತಿಗಳನ್ನು ಬದಲಾಯಿಸುವಾಗಲೇ ಟಿ.ವಿ. ಕೇಬಲ್‌ಗೂ ಪ್ರತ್ಯೇಕ ಪೈಪು ಹಾಕಿಸುವುದು ಮಿತವ್ಯಯದ ಮಾರ್ಗ. ಗಾರೆಯಾದ ಬಳಿಕ ದೋಷ ಕಂಡುಬಂದರೆ ಗೋಡೆ ಒಡೆಯುವ ವೆಚ್ಚದೊಡನೆ, ಅದನ್ನು ಮಾಲೀಕರು ಭರಿಸಬೇಕೋ ಗುತ್ತಿಗೆದಾರರೋ ಎಂಬ ವಿವಾದವೂ ಹುಟ್ಟುತ್ತದೆ.

ಕೊಠಡಿಯಿಂದ ಕೊಠಡಿಗೆ ಸರಪಳಿಯಂತೆ ಕೇಬಲ್ ಎಳೆಯಬಾರದು. ಒಂದೇ ಸ್ಥಳದಿಂದ ಪ್ರತಿ ಕೊಠಡಿಗೂ 75 ಓಮ್‌ನ ಆರ್‌ಜಿ-6 ಕೇಬಲ್ ಬೇರೆಬೇರೆಯಾಗಿ ಸಾಗಬೇಕು. ಸ್ಪ್ಲಿಟರ್ ಸಂಕೇತವನ್ನು ಹಂಚುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ: ಎರಡು ಕವಲಿನದರಲ್ಲಿ ಸುಮಾರು 3.5, ನಾಲ್ಕು ಕವಲಿನದರಲ್ಲಿ ಸುಮಾರು 7 ಡೆಸಿಬಲ್ ನಷ್ಟವಾಗುತ್ತದೆ. ಆದುದರಿಂದ ಅಗತ್ಯವಿರುವಷ್ಟೇ ಕವಲುಗಳಿರಲಿ.

ಬೆಂಗಳೂರು, ಮೈಸೂರುಗಳಲ್ಲಿ 2013ರಲ್ಲಿ ಕೇಬಲ್ ಸೇವೆಯ ಡಿಜಿಟಲೀಕರಣವಾಯಿತು. ಪ್ರತಿ ಟಿ.ವಿ.ಯಲ್ಲಿಯೂ ಬೇರೆಬೇರೆ ವಾಹಿನಿ ನೋಡಲು ಪ್ರತ್ಯೇಕ ಸೆಟ್‌ಟಾಪ್ ಬಾಕ್ಸ್ ಬೇಕಾಗುವುದರಿಂದ, ಕೇಬಲ್ ಪಾಯಿಂಟಿನ ಪಕ್ಕದಲ್ಲಿ ಎರಡು ವಿದ್ಯುತ್ ಸಾಕೆಟ್‌ಗಳಿರುವುದು ಉಚಿತ.

ಗಾರೆಗೆ ಮೊದಲು ಪ್ರತಿ ಕೇಬಲನ್ನೂ ಪರೀಕ್ಷಿಸಿ, ಎರಡೂ ತುದಿಗಳಲ್ಲಿ ಕೊಠಡಿಯ ಹೆಸರು ಬರೆದಿಟ್ಟ ಗುತ್ತಿಗೆದಾರನಿಗೆ ಮುಂದಿನ ತಕರಾರುಗಳು ವಿರಳ.