ಜೌಗು ನೆಲದಲ್ಲಿ ಬಜೆ ಬೇಸಾಯ



ಕೆರೆ ಏರಿಯ ಕೆಳಗೆ, ತೂಬಿನ ಪಕ್ಕದಲ್ಲಿ, ಕೋಡಿ ಹಳ್ಳದ ಅಂಚಿನಲ್ಲಿ ನಿಮ್ಮಲ್ಲಿ ಕೆಲವರಿಗೆ ಎರಡು ಮೂರು ಗುಂಟೆ ಜೌಗು ನೆಲ ಇದೆ. ಅಲ್ಲಿ ರಾಗಿ ಹಾಕಿದರೆ ಪೈರು ಹಳದಿಯಾಗುತ್ತದೆ. ಅವರೆ ಹಾಕಿದರೆ ಬೇರು ಕೊಳೆಯುತ್ತದೆ. ಕೊನೆಗೆ ಜೊಂಡು ಬೆಳೆದು ಆ ಮೂಲೆ ಹಂದಿಗಳ ಪಾಲಾಗುತ್ತದೆ. 2021 ಮತ್ತು 2022ರ ಮಳೆಗೆ ನಮ್ಮ ಕಡೆ ಅನೇಕ ಕೆರೆಗಳು ಕೋಡಿ ಬಿದ್ದ ಮೇಲೆ ಬಹಳ ವರ್ಷದಿಂದ ಒಣಗಿದ್ದ ಇಂಥ ಮೂಲೆಗಳಲ್ಲಿ ಮತ್ತೆ ನೀರು ಜಿನುಗಿತು. "ಈ ನೆಲಕ್ಕೆ ಏನು ಹಾಕಲಿ?" ಎಂದು ಕೇಳುವವರು ಹೆಚ್ಚಾದರು.

ಇದಕ್ಕೆ ಒಂದು ಉತ್ತರ ಬಜೆ. ಹೊರಗಿನಿಂದ ತರಿಸಿದ ಹೊಸ ಗಿಡವಲ್ಲ, ನಮ್ಮ ನಾಡಿನ ಜೌಗಿನ ಗಿಡವೇ. ನಮ್ಮ ನೆರೆಯ ಕೊರಟಗೆರೆ ತಾಲ್ಲೂಕಿನಲ್ಲಿ ರೈತರು ಇದನ್ನು ಬತ್ತದ ಹಾಗೆ ಗದ್ದೆಯಲ್ಲಿ ಬೆಳೆಯುತ್ತ ಬಂದಿದ್ದಾರೆ. ಆದರೆ ಬಜೆ ನಾಟುವುದಕ್ಕೆ ಮೊದಲು ಮೂರು ವಿಷಯ ಪರೀಕ್ಷಿಸಬೇಕು: ನೆಲ, ನೀರು, ಕೊಳ್ಳುವವರು. ಮೂರರಲ್ಲಿ ಒಂದು ಸರಿಯಿಲ್ಲದಿದ್ದರೂ ಮಾರುವುದಕ್ಕಾಗಿ ಬಜೆ ಹಾಕಬೇಡಿ. ಈ ಪಾಠದ ತಿರುಳು ಇಷ್ಟೇ.

ಗಿಡದ ಗುರುತು

ಬಜೆಗೆ ಸಂಸ್ಕೃತದಲ್ಲಿ ವಚಾ, ತಮಿಳಿನಲ್ಲಿ ವಸಂಬು, ಶಾಸ್ತ್ರದಲ್ಲಿ ಅಕೋರಸ್ ಕ್ಯಾಲಮಸ್ ಎಂದು ಹೆಸರು. ಎಲೆ ಕತ್ತಿಯಂತೆ ಉದ್ದ, ನಡುವೆ ಉಬ್ಬಿದ ನರ. ದೂರದಿಂದ ನೋಡಿದರೆ ಜೊಂಡಿನಂತೆಯೇ ಕಾಣುತ್ತದೆ. ಒಂದು ಎಲೆಯನ್ನು ಮುರಿದು ಹಿಸುಕಿ ಮೂಸಿ ನೋಡಿ. ಬಜೆಯಾದರೆ ಘಮ್ಮೆಂದು ವಾಸನೆ ಬರುತ್ತದೆ, ಜೊಂಡಿಗೆ ಆ ವಾಸನೆ ಇಲ್ಲ. ನಾವು ಮಾರುವುದು ಕೆಸರಿನಲ್ಲಿ ಅಡ್ಡಡ್ಡ ಹರಿಯುವ ಬೆರಳು ದಪ್ಪದ ಗೆಡ್ಡೆಯನ್ನು. ಜನ ಇದನ್ನೇ ಬಜೆ ಬೇರು ಎನ್ನುತ್ತಾರೆ.

ರಾಗಿ ಕೊಳೆಯುವ ಕೆಸರಿನಲ್ಲಿ ಬಜೆ ಹೇಗೆ ಬದುಕುತ್ತದೆ? ಬೇರಿಗೂ ಗಾಳಿ ಬೇಕು. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲದ್ದರಿಂದ ರಾಗಿಯ ಬೇರು ಉಸಿರು ಕಟ್ಟಿ ಸಾಯುತ್ತದೆ. ಬಜೆಯ ಎಲೆಯನ್ನೂ ಗೆಡ್ಡೆಯನ್ನೂ ಅಡ್ಡ ಕೊಯ್ದರೆ ಒಳಗೆಲ್ಲ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ. ಮೇಲಿನ ಗಾಳಿ ಈ ದಾರಿಯಲ್ಲಿ ಬೇರಿಗೆ ಇಳಿಯುತ್ತದೆ.

ಮೊದಲನೆಯ ಪರೀಕ್ಷೆ: ನೆಲ

ಫೆಬ್ರವರಿ ಕೊನೆಯಲ್ಲಿ ಆ ಮೂಲೆಯಲ್ಲಿ ಒಂದು ಅಡಿ ಆಳದ ಗುಂಡಿ ತೋಡಿ. ಮಾರನೆಯ ದಿನ ಗುಂಡಿಯಲ್ಲಿ ನೀರು ಒಸರಿದ್ದರೆ ಅಥವಾ ತಳದ ಮಣ್ಣು ಮುದ್ದೆ ಕಟ್ಟುವಷ್ಟು ತೇವವಾಗಿದ್ದರೆ ಆ ನೆಲ ಬಜೆಗೆ ಆದೀತು. ಒಣಗಿದ್ದರೆ ಬೇಡ.

ಕೊಳವೆ ಬಾವಿಯ ನೀರು ಹಾಯಿಸಿ ಬಜೆ ಬೆಳೆಯುವ ಯೋಚನೆಯನ್ನು ಬಿಟ್ಟುಬಿಡಿ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿಯೂ ನೆಲಕ್ಕೆ ಇಂಗುವುದಕ್ಕಿಂತ ನಾವು ಮೇಲೆತ್ತುವ ನೀರೇ ಹೆಚ್ಚು. ವರ್ಷವಿಡೀ ನೀರು ಕೇಳುವ ಬೆಳೆಗೆ ಪಾತಾಳದ ನೀರನ್ನು ಎತ್ತುವುದು ನಮ್ಮ ಮಕ್ಕಳ ಪಾಲನ್ನು ಖರ್ಚು ಮಾಡಿದಂತೆ. ತಾನಾಗಿ ಜಿನುಗುವ ನೀರಿದ್ದಲ್ಲಿ ಮಾತ್ರ ಬಜೆ.

ಕೆರೆಯ ಅಂಗಳದಲ್ಲಿಯೂ ಬಜೆ ನಾಟಬಾರದು. ಅದು ಊರಿಗೆಲ್ಲ ಸೇರಿದ ಜಾಗ. ಏರಿಯ ಕೆಳಗಿನ ನಿಮ್ಮ ಸ್ವಂತ ಹಿಡುವಳಿಯಲ್ಲಿ ಮಾತ್ರ ಹಾಕತಕ್ಕದ್ದು.

ಎರಡನೆಯ ಪರೀಕ್ಷೆ: ನೀರು

ಇದು ಎಲ್ಲಕ್ಕಿಂತ ಮುಖ್ಯ. ಬಜೆ ಔಷಧಿಯ ಗೆಡ್ಡೆ. ಜೌಗಿನ ಗಿಡಗಳು ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಮುಂತಾದ ಕೆಟ್ಟ ಲೋಹಗಳನ್ನು ಹೀರಿ ಬೇರಿನಲ್ಲಿ ಕೂಡಿಟ್ಟುಕೊಳ್ಳುತ್ತವೆ. ನೋಡುವುದಕ್ಕೆ ಗಿಡ ಹಸಿರಾಗಿಯೇ ಇರುತ್ತದೆ. ಕಾರ್ಖಾನೆಯ ನೀರು ಅಥವಾ ಊರ ಚರಂಡಿ ಸೇರುವ ಹಳ್ಳದ ಬಜೆಯನ್ನು ಔಷಧಿಗೆ ಮಾರಿದರೆ, ಕಾಣದ ಯಾರೋ ರೋಗಿಗೆ ವಿಷ ಉಣಿಸಿದಂತಾಗಬಹುದು.

ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ದೇವನಹಳ್ಳಿ ಕಡೆಯ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಆ ನೀರನ್ನು ಬಿಡುವುದು ಅಂತರ್ಜಲ ಹೆಚ್ಚಲೆಂದು, ಹೊಲಕ್ಕೆ ನೇರವಾಗಿ ಹಾಯಿಸಲೆಂದಲ್ಲ. ಅಂಥ ಕೆರೆಯ ಕೆಳಗೆ ನಿಮ್ಮ ಜಮೀನಿದ್ದರೆ ನೀರು, ಮಣ್ಣು ಎರಡನ್ನೂ ಪರೀಕ್ಷೆ ಮಾಡಿಸದೆ ಔಷಧಿ ಗಿಡ ಹಾಕಬೇಡಿ. ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೋ ಕೇಳಿದರೆ ಮಾದರಿ ತೆಗೆಯುವ ಕ್ರಮವನ್ನು ತಿಳಿಸುತ್ತಾರೆ. ಲೋಹಗಳ ಪರೀಕ್ಷೆಯೂ ಬೇಕೆಂದು ಬಾಯಿಬಿಟ್ಟು ಕೇಳಿ. ಸಾಧಾರಣ ಮಣ್ಣು ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂ ನೋಡುವುದಿಲ್ಲ.

ಹಿತ್ತಲಿನ ಬಚ್ಚಲ ಮೋರಿಯ ಪಕ್ಕದಲ್ಲಿ ಒಂದು ಬುಡ ಬಜೆ ಇಟ್ಟುಕೊಳ್ಳುವ ಮನೆಗಳುಂಟು. ಸೋಪಿನ ನೀರು ಕುಡಿದ ಆ ಬಜೆಯೂ ಔಷಧಿಗೆ ಯೋಗ್ಯವಲ್ಲ.

ಮೂರನೆಯ ಪರೀಕ್ಷೆ: ಕೊಳ್ಳುವವರು

ರಾಗಿಗೆ ಸರ್ಕಾರದ ಬೆಂಬಲ ಬೆಲೆ ಇದೆ, ಬಜೆಗೆ ಇಲ್ಲ. ಬೆಳೆದ ಮೇಲೆ ಮಾರುಕಟ್ಟೆ ಹುಡುಕುವುದು ತಪ್ಪು. ನಾಟುವ ಮುಂಚೆಯೇ ಗ್ರಂಧಿಗೆ ಅಂಗಡಿಯವರನ್ನು, ಆಯುರ್ವೇದ ಔಷಧಿ ತಯಾರಕರನ್ನು ಕಂಡು ಮಾತನಾಡಿ. ಬೆಂಗಳೂರಿನ ಕರ್ನಾಟಕ ರಾಜ್ಯ ಔಷಧಿ ಗಿಡಮೂಲಿಕಾ ಪ್ರಾಧಿಕಾರದಲ್ಲಿಯೂ ವಿಚಾರಿಸಿ. ಇಬ್ಬರು ಮೂವರು ಸೇರಿ ಕೊರಟಗೆರೆ ಕಡೆಗೆ ಹೋಗಿ ಬೆಳೆದವರ ಅನುಭವವನ್ನು ಕೇಳಿ ಬರುವುದು ಇನ್ನೂ ಒಳ್ಳೆಯದು.

ಹೇಳಿದ ಬೆಲೆ ಹಸಿ ಗೆಡ್ಡೆಗೋ ಒಣ ಗೆಡ್ಡೆಗೋ ಎಂದು ಖಚಿತ ಮಾಡಿಕೊಳ್ಳಿ. ಒಣಗಿದಾಗ ಅರ್ಧಕ್ಕಿಂತ ಹೆಚ್ಚು ತೂಕ ಇಳಿಯುತ್ತದೆ. ಈ ಒಂದು ಮಾತು ತಿಳಿಯದೆ ಲೆಕ್ಕ ಹಾಕಿದರೆ ಲಾಭವೆಂದುಕೊಂಡದ್ದು ನಷ್ಟವಾದೀತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಿಜ. ಆದರೆ ಮೊಸರು ಎಲ್ಲಿ ಸಿಗುತ್ತದೆ ಎಂದು ತಿಳಿದ ಮೇಲೆ ಕೈ ಕೆಸರು ಮಾಡಿಕೊಳ್ಳುವುದು ಜಾಣತನ.

ನಾಟುವ ಕ್ರಮ

ಮೊದಲ ವರ್ಷ ಒಂದೇ ಗುಂಟೆ ಸಾಕು. ನೆಲವನ್ನು ಬತ್ತದ ಗದ್ದೆಯಂತೆ ಎರಡು ಮೂರು ಸಲ ಉತ್ತು ಅಥವಾ ಅಗೆದು ಕೆಸರು ಮಾಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಗುಂಟೆಗೆ 150 ಕಿಲೋ ಲೆಕ್ಕದಲ್ಲಿ ಬೆರೆಸಿ. ಸುತ್ತ ಬದು ಕಟ್ಟಿ, ಹೆಚ್ಚಾದ ನೀರು ಹೊರಹೋಗಲು ಒಂದು ಕಡೆ ದಾರಿ ಬಿಡಿ.

ಬಜೆಯನ್ನು ಬೀಜದಿಂದ ಬೆಳೆಯುವ ವಾಡಿಕೆಯಿಲ್ಲ, ಗೆಡ್ಡೆಯ ತುಂಡೇ ಬಿತ್ತನೆ. ಬೆಳೆದವರಿಂದ ರೋಗವಿಲ್ಲದ ಗೆಡ್ಡೆಯನ್ನು ತನ್ನಿ. ಕಾಡಿನ ಹಳ್ಳಗಳಿಂದ ಕಿತ್ತು ತರಬೇಡಿ. ಮೊಳಕೆಯಿರುವ ಎರಡು ಮೂರು ಅಂಗುಲದ ತುಂಡು ಮಾಡಿ, ಆರಿದ್ರಾ ಮಳೆ ಶುರುವಾದ ಮೇಲೆ ಪುನರ್ವಸು ಮಳೆ ಮುಗಿಯುವುದರೊಳಗೆ, ಅಂದರೆ ಜೂನ್ ಕೊನೆಯಿಂದ ಜುಲೈ ನಡುವಿನೊಳಗೆ ನಾಟಿ. ಸಾಲಿನಿಂದ ಸಾಲಿಗೆ ಒಂದು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ, ಆಳ ಎರಡು ಅಂಗುಲ. ಗುಂಟೆ ಎಂದರೆ 33 ಅಡಿಗೆ 33 ಅಡಿಯಾದ್ದರಿಂದ ಗುಂಟೆಯೊಂದಕ್ಕೆ ಸುಮಾರು 1,000 ತುಂಡು ಬೇಕಾಗುತ್ತದೆ.

ಆರೈಕೆ

ಮೊದಲು ಎರಡು ಅಂಗುಲ ನೀರು ನಿಲ್ಲಿಸಿ. ಗಿಡ ಎದ್ದ ಮೇಲೆ ನಾಲ್ಕು ಅಂಗುಲದವರೆಗೆ ಏರಿಸಬಹುದು. ಎಳೆಯ ಸುಳಿ ನೀರಿನಲ್ಲಿ ಮುಳುಗಬಾರದು. ಮನೆಗಳ ಹತ್ತಿರದ ಗದ್ದೆಯಾದರೆ ನೀರು ಮೆಲ್ಲಗೆ ಹರಿಯುತ್ತಿರಲಿ. ನಿಂತ ನೀರಿನಲ್ಲಿ ಸೊಳ್ಳೆ ಮರಿ ಮಾಡುತ್ತದೆ.

ಮೊದಲ ನಾಲ್ಕೈದು ತಿಂಗಳು ತಿಂಗಳಿಗೊಮ್ಮೆ ಕಳೆ ಕೀಳಿ. ಜೊಂಡನ್ನು ಬೇರು ಸಮೇತ ತೆಗೆಯಿರಿ, ಇಲ್ಲವಾದರೆ ಅದೇ ಗದ್ದೆಯನ್ನು ನುಂಗುತ್ತದೆ. ಗಿಡದ ಬುಡದಲ್ಲಿ ಬಿಳಿ ಹಿಟ್ಟು ಚೆಲ್ಲಿದಂತೆ ಕಂಡರೆ ಅದು ಹಿಟ್ಟು ತಿಗಣೆ. ಅಂಥ ಬುಡವನ್ನು ಕಿತ್ತು ಸುಟ್ಟು, ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಔಷಧಿ ಬೆಳೆಯ ಮೇಲೆ ಕಂಡ ಕಂಡ ಕೀಟನಾಶಕ ಹೊಡೆಯಬಾರದು.

ಕೊಯ್ಲು ಮತ್ತು ಒಣಗಿಸುವುದು

ಎಂಟು ತಿಂಗಳಿಂದ ಒಂದು ವರ್ಷದೊಳಗೆ ಕೆಳಗಿನ ಎಲೆಗಳು ಹಳದಿಯಾಗಿ ಒಣಗತೊಡಗುತ್ತವೆ. ಆಗ ನೀರು ಬಸಿದು, ಮಣ್ಣು ಪೂರ್ತಿ ಗಟ್ಟಿಯಾಗುವ ಮೊದಲು ಗುದ್ದಲಿಯಿಂದ ಅಗೆಯಿರಿ. ಚಿಗುರಿರುವ ತುದಿಗಳನ್ನು ಮುಂದಿನ ವರ್ಷದ ಬಿತ್ತನೆಗೆ ತೆಗೆದು ಹಸಿ ಮಣ್ಣಿನಲ್ಲಿ ಹೂಳಿಡಿ. ಉಳಿದ ಗೆಡ್ಡೆಯನ್ನು ಒಳ್ಳೆಯ ನೀರಿನಲ್ಲಿ ತೊಳೆದು, ಎರಡು ಮೂರು ಅಂಗುಲದ ತುಂಡು ಮಾಡಿ, ಗಾಳಿಯಾಡುವ ನೆರಳಿನಲ್ಲಿ ಚಾಪೆಯ ಮೇಲೆ ತೆಳ್ಳಗೆ ಹರಡಿ. ದಿನಕ್ಕೆರಡು ಸಲ ತಿರುವಿ ಹಾಕಿ. ಒಣಗಿದ ತುಂಡು ಮುರಿದರೆ ಲಟಕ್ಕೆನ್ನಬೇಕು. ಆಮೇಲೆ ಗೋಣಿಯಲ್ಲಿ ಹಾಕಿ ಉಜ್ಜಿದರೆ ನಾರು ಬೇರು ಉದುರುತ್ತದೆ. ಹಸಿಯಿರುವಾಗಲೇ ರಾಶಿ ಹಾಕಿದರೆ ಬೂಷ್ಟು ಹಿಡಿದು ಕೊಳ್ಳುವವರು ವಾಪಸು ಕಳಿಸುತ್ತಾರೆ.

ಬಿತ್ತನೆ ಬೀಜಕ್ಕೆ ಬಜೆ

ಕೊಳ್ಳುವವರು ಸಿಗದಿದ್ದರೂ ಒಂದೆರಡು ಸಾಲು ಬಜೆ ಮನೆಗೆ ಉಪಯೋಗವಿದೆ. ಅವರೆ, ತೊಗರಿ, ಹೆಸರು ಬಿತ್ತನೆ ಬೀಜವನ್ನು ಹುಳು ತೂತು ಮಾಡುವುದು ನಿಮಗೆ ಗೊತ್ತೇ ಇದೆ. ಚೆನ್ನಾಗಿ ಒಣಗಿದ ಬೀಜಕ್ಕೆ ಕಿಲೋಗೆ 10 ಗ್ರಾಂ ಬಜೆ ಪುಡಿ ಬೆರೆಸಿ, ಬಾಯಿ ಬಿಗಿಯಾದ ಡಬ್ಬದಲ್ಲಿಡಿ. ಇದು ಬಿತ್ತನೆ ಬೀಜಕ್ಕೆ ಮಾತ್ರ. ಡಬ್ಬದ ಮೇಲೆ "ಬಿತ್ತನೆಗೆ" ಎಂದು ಬರೆದಿಡಿ. ಆ ಕಾಳನ್ನು ಅಡಿಗೆಗೆ ತೆಗೆಯಬಾರದು.

ಮನೆಯ ಹೆಣ್ಣುಮಕ್ಕಳಿಗೆ ಒಂದು ಮಾತು

ಹಸುಗೂಸಿಗೆ ಬಜೆ ತೇದು ನಾಲಿಗೆಗೆ ಹಚ್ಚುವುದು, ಕೈಗೆ ಬಜೆ ಮಣಿ ಕಟ್ಟುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಅಜ್ಜಿಯರು ಇದನ್ನು ಮಾಡಿದ್ದು ಪ್ರೀತಿಯಿಂದಲೇ. ಆದರೆ ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಇಲಿಗಳ ಮೇಲೆ ಮಾಡಿದ ಪರೀಕ್ಷೆಗಳಲ್ಲಿ ಅದರಿಂದ ಗೆಡ್ಡೆ ರೋಗ, ಅಂದರೆ ಕ್ಯಾನ್ಸರ್ ಕಂಡುಬಂತು. ಅಮೆರಿಕದಲ್ಲಿ 1968ರಲ್ಲಿಯೇ ಬಜೆಯನ್ನು ಆಹಾರದಲ್ಲಿ ಬೆರೆಸಬಾರದೆಂದು ನಿಷೇಧಿಸಿದರು. ತೇಯುವಾಗ ಎಷ್ಟು ಹೋಯಿತೆಂಬ ಅಳತೆಯೂ ನಮಗಿರುವುದಿಲ್ಲ. ದೊಡ್ಡವರ ಮೈಗೆ ತಡೆಯುವುದು ಕೂಸಿನ ಮೈಗೆ ತಡೆಯದು. ಮಣಿಯನ್ನು ಮಗು ಬಾಯಿಗಿಟ್ಟು ಚೀಪುತ್ತದೆ, ದಾರ ಹರಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲೊಂದೇ ಸಾಕು. ಹೊಟ್ಟೆನೋವೋ ಅಜೀರ್ಣವೋ ಕಂಡರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಬಜೆ ಕೊಟ್ಟ ಮೇಲೆ ಮಗು ವಾಂತಿ ಮಾಡಿದರೆ ಅಥವಾ ಮಂಕಾಗಿ ಮಲಗಿದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ವೈದ್ಯರು ಅಳತೆ ನೋಡಿ ಕೊಡಬೇಕಾದ ಔಷಧಿಯನ್ನು ನಾವು ಕಣ್ಣಳತೆಯಲ್ಲಿ ಕೊಡಬಾರದು. ಬಜೆ ಬೆಳೆಯುವವರ ಮನೆಯಲ್ಲಿ ಗೆಡ್ಡೆ ಸದಾ ಕೈಗೆ ಸಿಗುವುದರಿಂದ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ನಿಮ್ಮ ಸಂಘದಲ್ಲಿ ಚರ್ಚಿಸಿ

1. ನಮ್ಮೂರ ಕೆರೆಗೆ ಯಾವ ಯಾವ ಕಡೆಯ ನೀರು ಬಂದು ಸೇರುತ್ತದೆ? ಅದರಲ್ಲಿ ಚರಂಡಿಯ, ಕಾರ್ಖಾನೆಯ ನೀರು ಇದೆಯೆ?

2. ಫೆಬ್ರವರಿಯವರೆಗೂ ತೇವವಿರುವ ಹಿಡುವಳಿ ಯಾರು ಯಾರದು?

3. ಎರಡು ಗುಂಟೆ ಜೌಗಿನಲ್ಲಿ ಬತ್ತಕ್ಕೂ ಬಜೆಗೂ ಎಷ್ಟೆಷ್ಟು ಆಳು ಬೇಕು? ಎಷ್ಟು ತಿಂಗಳು ನೆಲ ಹಿಡಿಯುತ್ತದೆ? ಕೈಗೆ ಉಳಿಯುವುದೆಷ್ಟು?

ಮೂರನೆಯ ಪ್ರಶ್ನೆಗೆ ಬತ್ತವೇ ಮೇಲೆಂದು ಉತ್ತರ ಬಂದರೆ ಬತ್ತವನ್ನೇ ಹಾಕಿ. ಬಜೆ ಹಾಕಿದವರು ಬಿತ್ತನೆ, ಗೊಬ್ಬರ, ಆಳಿನ ಖರ್ಚನ್ನೂ ಒಣ ತೂಕವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಮೂರ ಬೇರೆಯವರು ಮುಂದಿನ ವರ್ಷ ಬಜೆ ಹಾಕಬೇಕೋ ಬೇಡವೋ ಎಂದು ಆ ಪುಸ್ತಕ ನೋಡಿ ತೀರ್ಮಾನಿಸಬಹುದು.