ನಂಬಿಕೆಯಿಲ್ಲದ ಮಗಳು, ವೆಂಟಿಲೇಟರ್ ಮೇಲಿನ ಅಪ್ಪ

ಪ್ರಶ್ನೆ: ನಾನು ತುಮಕೂರಿನವಳು, ವಯಸ್ಸು 43. ಅಪ್ಪನಿಗೆ 76, ನಿವೃತ್ತ ಪೋಸ್ಟ್ ಮಾಸ್ಟರ್. ಮೆದುಳಿನಲ್ಲಿ ರಕ್ತಸ್ರಾವವಾಗಿ ಆರು ವಾರದಿಂದ ಐಸಿಯುನಲ್ಲಿದ್ದಾರೆ. ಕುತ್ತಿಗೆಗೆ ತೂತು ಮಾಡಿ ನಳಿಕೆ ಹಾಕಿ ವೆಂಟಿಲೇಟರ್‌ಗೆ ಜೋಡಿಸಿದ್ದಾರೆ. ಮೊದಲ ವಾರ ನಳಿಕೆ ಕಿತ್ತುಕೊಂಡಾರೆಂದು ಕೈಗಳಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿ ಮಂಚದ ಸರಳಿಗೆ ಕಟ್ಟಿದ್ದರು. ಈಗ ಕಟ್ಟುವ ಅಗತ್ಯವೂ ಇಲ್ಲ. ಪ್ರಜ್ಞೆ ಮರಳುವುದು ಕಷ್ಟ, ಮುಂದೇನು ಅಂತ ಮನೆಯವರು ಯೋಚಿಸಿ ಎಂದು ಡಾಕ್ಟರು ಹೇಳಿದ್ದಾರೆ. ನಾನು ‘ಇಷ್ಟು ಸಾಕು’ ಅಂದೆ. ಸೋದರತ್ತೆ ‘ಕೊಟ್ಟವನೇ ತಗೋಬೇಕು, ನಾವ್ಯಾರು?’ ಅಂದರು. ತಮ್ಮ ಅಂದದ್ದು ಇನ್ನೂ ಚುಚ್ಚುತ್ತಿದೆ: ‘ಅಕ್ಕ, ನಿಂಗೆ ದೇವರೇ ಇಲ್ಲ. ಜೀವದ ಬೆಲೆ ನಿಂಗೇನು ಗೊತ್ತು?’ ಕಾಲೇಜಿನಿಂದಲೂ ನಾನು ದೇವರನ್ನು ನಂಬಿದವಳಲ್ಲ. ಅಪ್ಪ ಏನೂ ಬರೆದಿಟ್ಟಿಲ್ಲ. ಹಿಂದೊಮ್ಮೆ ಪಕ್ಕದ ಮನೆಯವರು ಹೀಗೇ ಮಲಗಿದ್ದನ್ನು ನೋಡಿಬಂದು ‘ನನ್ನನ್ನ ಹಿಂಗೆ ಹಾಕ್ಬೇಡಿ’ ಅಂದಿದ್ದರು, ಅಷ್ಟೇ. ಆತ್ಮ, ಪರಲೋಕ ಇಲ್ಲವೆನ್ನುವವಳಿಗೆ ಅಪ್ಪನ ಜೀವ ಯಾವ ಆಧಾರದ ಮೇಲೆ ದೊಡ್ಡದು? ಆಸ್ಪತ್ರೆಯ ಬಿಲ್ಲೇ ನನ್ನ ಬಾಯಲ್ಲಿ ಈ ಮಾತು ಆಡಿಸುತ್ತಿದೆಯೇ ಎಂಬ ಭಯವೂ ಇದೆ.

ಉತ್ತರ: ಐಸಿಯು ಹೊರಗಿನ ಕುರ್ಚಿಯಲ್ಲಿ ರಾತ್ರಿಗಳನ್ನು ಕಳೆಯುತ್ತಿರುವ ಮನೆಯವರು ಒಬ್ಬರಿಗೊಬ್ಬರು ಇಂಥ ಮಾತು ಆಡಿಬಿಡುತ್ತಾರೆ. ತಮ್ಮನ ಮೇಲೆ ಕೋಪ ಇಟ್ಟುಕೊಳ್ಳಬೇಡಿ. ಆದರೆ ಅವನು ಕೇಳಿದ ಪ್ರಶ್ನೆಗೆ ಉತ್ತರವಿದೆ, ಅದನ್ನು ನೀವು ತಿಳಿದಿರಬೇಕು.

ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲೇ ಒಂದು ಗೆರೆ ಎಳೆದ. ಯಾವುದರ ಜಾಗಕ್ಕೆ ಅಷ್ಟೇ ಬಾಳುವ ಇನ್ನೊಂದನ್ನು ತಂದಿಡಬಹುದೋ ಅದಕ್ಕೆ ಬೆಲೆ ಇರುತ್ತದೆ. ಹಾಗೆ ತಂದಿಡಲಾಗದ್ದಕ್ಕೆ ಇರುವುದು ಘನತೆ. ನಿಮ್ಮ ಅಪ್ಪನ ಸೈಕಲ್ ಕಳೆದರೆ ಇನ್ನೊಂದು ಬರುತ್ತದೆ, ಅಪ್ಪ ಬರುವುದಿಲ್ಲ. ಕಾಂಟ್ ಆಸ್ತಿಕ, ನಿಜ. ಆದರೆ ಈ ಮಾತನ್ನು ಅವನು ದೇವರ ಆಜ್ಞೆಯ ಮೇಲೆ ನಿಲ್ಲಿಸಲಿಲ್ಲ, ಸರಿ-ತಪ್ಪು ವಿಚಾರಿಸಿ ತಾನೇ ನಿರ್ಧರಿಸಬಲ್ಲ ಮನುಷ್ಯನ ಶಕ್ತಿಯ ಮೇಲೆ ನಿಲ್ಲಿಸಿದ. (ಇದೇ ಕಾಂಟ್ ಆತ್ಮಹತ್ಯೆಯನ್ನು ಒಪ್ಪದವನು. ಆದ್ದರಿಂದ ಅವನನ್ನು ಪೂರ್ತಿ ನಮ್ಮ ಕಡೆಯ ಸಾಕ್ಷಿಯನ್ನಾಗಿ ಕರೆಯುವಂತಿಲ್ಲ.)

ನಿಮ್ಮ ಮನೆಯ ಜಗಳಕ್ಕೆ ಇನ್ನೂ ಹತ್ತಿರ ಬರುವವರು ಅಮೆರಿಕದ ಕಾನೂನು ಚಿಂತಕ ರೊನಾಲ್ಡ್ ಡ್ವರ್ಕಿನ್. ಗರ್ಭಪಾತ ಮತ್ತು ದಯಾಮರಣದ ಕುರಿತು 1993ರಲ್ಲಿ ಅವರೊಂದು ಪುಸ್ತಕ ಬರೆದರು. ಜೀವ ಪವಿತ್ರ ಎನ್ನಲು ದೇವರನ್ನು ನಂಬಲೇಬೇಕಿಲ್ಲ ಎಂಬುದು ಅವರ ವಾದ. ಒಂದು ಜೀವದಲ್ಲಿ ಪ್ರಕೃತಿ ಹಾಕಿದ ದುಡಿಮೆಯಿದೆ. ಹೆತ್ತವರು, ಗುರುಗಳು ಹಾಕಿದ್ದಿದೆ, ಆ ಮನುಷ್ಯ ತಾನೇ ತನ್ನ ಬದುಕಿಗೆ ಕೊಟ್ಟ ರೂಪವೂ ಇದೆ. ಅದು ವ್ಯರ್ಥವಾದಾಗ ಆಸ್ತಿಕನಿಗೂ ನಾಸ್ತಿಕನಿಗೂ ಒಂದೇ ರೀತಿ ಸಂಕಟವಾಗುತ್ತದೆ. ಹಾಗಾಗಿ ಇಂಥ ಸಂದರ್ಭದಲ್ಲಿ ಎರಡೂ ಕಡೆಯವರು ಜೀವವನ್ನು ಗೌರವಿಸುವವರೇ. ಈ ಹೊತ್ತಿನಲ್ಲಿ ಆ ಗೌರವ ಯಾವುದನ್ನು ಕೇಳುತ್ತದೆ ಎಂಬಲ್ಲಿ ದಾರಿ ಕವಲಾಗುತ್ತದೆ. ನೀವೂ ತಮ್ಮನೂ ನಿಂತಿರುವುದು ಆ ಕವಲಿನಲ್ಲಿ.

ಅನುಭವಿಸುವ ಶಕ್ತಿಯೇ ಹೋದ ಮೇಲೆ ಜೀವಕ್ಕೆ ವಿಶೇಷ ಬೆಲೆಯಿಲ್ಲ ಎನ್ನುವ ಸೆಕ್ಯುಲರ್ ಚಿಂತಕರೂ ಇದ್ದಾರೆ, ಪೀಟರ್ ಸಿಂಗರ್ ಅಂಥವರು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ ನೆನಪಾಗುತ್ತಾರೆ. 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ವಾರ್ಡ್‌ಬಾಯ್ ನಾಯಿಯ ಸರಪಳಿಯಿಂದ ಕತ್ತು ಬಿಗಿದು ಅವರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ. ಮೆದುಳಿಗೆ ರಕ್ತ ನಿಂತುಹೋಯಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ ಅಲ್ಲಿನ ನರ್ಸ್‌ಗಳು ಒಂದು ತಲೆಮಾರಿನವರಾದ ಮೇಲೆ ಇನ್ನೊಂದು ತಲೆಮಾರಿನವರು ಅವರನ್ನು ನೋಡಿಕೊಂಡರು. ಅನ್ನ ಹಿಸುಕಿ ಬಾಯಿಗಿಟ್ಟರು, ಮಗ್ಗುಲು ಬದಲಿಸಿದರು. ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ್ದ ದಯಾಮರಣದ ಅರ್ಜಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದಾಗ ಆ ಸಿಬ್ಬಂದಿಯ ಇಷ್ಟಕ್ಕೇ ತೂಕ ಕೊಟ್ಟಿತು. ಬೆಲೆಯಿಲ್ಲದ ಜೀವಕ್ಕೆ ಸುಮಾರು 42 ವರ್ಷ ಅನ್ನ ಉಣ್ಣಿಸಿದರು ಎಂದು ನಾನಂತೂ ಹೇಳಲಾರೆ.

ಹಾಗಾದರೆ ನಿಮ್ಮ ಅಪ್ಪನಿಗೂ ಅದೇ ದಾರಿಯೇ ಎಂದು ಕೇಳಬಹುದು. ಕೊನೆಯ ಕೆಲವು ದಿನ ಬಿಟ್ಟರೆ ಅರುಣಾ ಆ ವರ್ಷಗಳನ್ನೆಲ್ಲ ಉಸಿರಾಡಿದ್ದು ತಮ್ಮದೇ ಉಸಿರನ್ನು, ವೆಂಟಿಲೇಟರ್ ಮೇಲಲ್ಲ. ಅವರ ವಿಷಯದಲ್ಲಿ ಪ್ರಶ್ನೆಯಾಗಿದ್ದು ಉಣ್ಣಿಸುವುದನ್ನು ನಿಲ್ಲಿಸಬೇಕೇ ಎಂಬುದು. ನಿಮ್ಮ ಮುಂದಿರುವುದು ಒಂದು ಚಿಕಿತ್ಸೆಯ ಪ್ರಶ್ನೆ: ಈ ಯಂತ್ರ ಅಪ್ಪನಿಗೆ ಏನನ್ನಾದರೂ ಮರಳಿ ಕೊಡುತ್ತಿದೆಯೇ, ಇಲ್ಲ ಸಾವನ್ನು ಎಳೆಯುತ್ತಿದೆಯೇ? ಅಪ್ಪನ ಜೀವ ದೊಡ್ಡದು ಎನ್ನುತ್ತಲೇ ‘ಈ ಚಿಕಿತ್ಸೆ ಸಾಕು’ ಎನ್ನಬಹುದು. ಅದರಲ್ಲಿ ವಿರೋಧಾಭಾಸವಿಲ್ಲ, ಕೊಲೆಯಂತೂ ಅಲ್ಲ. ‘ನನ್ನನ್ನ ಹಿಂಗೆ ಹಾಕ್ಬೇಡಿ’ ಎಂಬ ಮಾತನ್ನು ನೀವು ‘ಅಷ್ಟೇ’ ಎಂದು ಬರೆದಿದ್ದೀರಿ. ನನ್ನ ಲೆಕ್ಕದಲ್ಲಿ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತೂಕದ ಮಾತು ಅದು. ಅದನ್ನು ತಮ್ಮನೂ ಕೇಳಿಸಿಕೊಂಡಿದ್ದನೇ, ವಿಚಾರಿಸಿ.

ಕಾನೂನೂ ಈಗ ಹೀಗೇ ಯೋಚಿಸುತ್ತದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಘನತೆಯಿಂದ ಸಾಯುವುದೂ ಸೇರಿದೆ ಎಂದಿತು. 2023ರ ಜನವರಿಯಲ್ಲಿ ಇಂಥ ಚಿಕಿತ್ಸೆ ನಿಲ್ಲಿಸುವ ವಿಧಾನವನ್ನು ಸರಳ ಮಾಡಿತು. ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದಕ್ಕೆ ಸುತ್ತೋಲೆ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ವರ್ಷಗಟ್ಟಲೆ ಹೋರಾಡಿದ್ದು ಇದಕ್ಕಾಗಿಯೇ. ಈ ವಿಧಾನದಂತೆ, ಚಿಕಿತ್ಸೆ ಕೊಡುವ ಡಾಕ್ಟರೂ ಇಬ್ಬರು ತಜ್ಞರೂ ಇರುವ ಮೊದಲ ಮಂಡಳಿ ರೋಗಿಯನ್ನು ನೋಡಬೇಕು. ಬಳಿಕ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೇ ಮಂಡಳಿ ನೋಡಬೇಕು. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ಆಸ್ಪತ್ರೆ ತಿಳಿಸಬೇಕು. ಅಂದರೆ ಈ ನಿರ್ಧಾರ ನಿಮ್ಮೊಬ್ಬರ ತಲೆಯ ಮೇಲೆ ಬೀಳುವುದಿಲ್ಲ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಇಂದಿಗೂ ಅಪರಾಧ, ಅದನ್ನು ಯಾರೂ ಕೇಳುತ್ತಲೂ ಇಲ್ಲ. ಯಂತ್ರ ತೆಗೆದರೂ ನೋವು, ಏದುಸಿರು ಆಗದಂತೆ ಔಷಧಿ, ಆರೈಕೆ ನಡೆಯುತ್ತವೆ. ಅದನ್ನು ತಮ್ಮನ ಎದುರೇ ಡಾಕ್ಟರ ಬಾಯಿಂದ ಹೇಳಿಸಿ.

ಇನ್ನು ಬಿಲ್ಲು. ರಾತ್ರಿ ಒಬ್ಬರೇ ಕೂತು ಕೇಳಿಕೊಳ್ಳಿ, ನಾಳೆಯಿಂದ ಒಂದು ರೂಪಾಯಿಯೂ ಕಟ್ಟಬೇಕಿಲ್ಲ ಎಂದರೆ ನನ್ನ ಮಾತು ಬದಲಾಗುತ್ತದೆಯೇ? ಇಲ್ಲವೆಂದಾದರೆ ಆ ಭಯ ಬಿಡಿ. ಬದಲಾಗುತ್ತದೆ ಎಂದಾದರೆ ನಾಚಿಕೆಪಡದೆ ತಮ್ಮನಿಗೆ ಹಾಗೆಂದೇ ಹೇಳಿ. ಸರ್ಕಾರಿ ಆಸ್ಪತ್ರೆಗೆ ಸೇರಿಸುವುದು, ಆಯುಷ್ಮಾನ್ ಕಾರ್ಡ್, ಊರಿನ ಜಮೀನು, ಇವೆಲ್ಲ ಬೇರೆಯೇ ಮಾತುಕತೆ. ದುಡ್ಡಿನ ಕಷ್ಟಕ್ಕೆ ಘನತೆಯ ಹೆಸರು ಹಾಕಿದರೆ ಮಾತ್ರ ಮುಂದೆ ನಿಮ್ಮನ್ನೇ ಕಾಡುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ತಮ್ಮನನ್ನು ಕರೆದುಕೊಂಡೇ ಹೋಗಿ, ಫೋನಿನಲ್ಲಿ ವರದಿ ಒಪ್ಪಿಸಬೇಡಿ. ‘ಹುಷಾರಾಗ್ತಾರಾ?’ ಎಂದು ಕೇಳಿದರೆ ತೇಲಿಸುವ ಉತ್ತರ ಸಿಗುತ್ತದೆ. ಕಣ್ಣು ಬಿಡುತ್ತಾರಾ, ನಮ್ಮ ಗುರುತು ಸಿಗುತ್ತದಾ, ಯಂತ್ರವಿಲ್ಲದೆ ಉಸಿರಾಡುತ್ತಾರಾ ಎಂದು ಒಂದೊಂದಾಗಿ ಕೇಳಿ. ತಮ್ಮನಿಗೆ ಇನ್ನೂ ಆಸೆಯಿದ್ದರೆ ಹತ್ತು ದಿನದ ಗಡುವು ಇಟ್ಟು, ಏನು ಕಂಡರೆ ಮುಂದುವರಿಸುವುದೆಂದು ಡಾಕ್ಟರ ಎದುರೇ ಮಾತಾಡಿಕೊಳ್ಳಿ. ಸೋದರತ್ತೆಯ ಜೊತೆ ದೇವರ ಬಗ್ಗೆ ವಾದಕ್ಕಿಳಿಯಬೇಡಿ. ಅಣ್ಣನ ಹಣೆಗೆ ವಿಭೂತಿ ಹಚ್ಚಬೇಕು ಅಂದರೆ, ಐಸಿಯು ಸಿಸ್ಟರ್‌ಗೆ ಹೇಳಿ ಒಳಗೆ ಕಳಿಸಿಕೊಡಿ.