ಮೂರನೆಯ ತರಗತಿಯ ಮಗ್ಗಿ ಮತ್ತು ಮೌಲ್ಯಮಾಪನ: ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಉಪಯೋಗಕ್ಕಾಗಿ)

ಪಾಠದ ಉದ್ದೇಶ: ಮೂರನೆಯ ತರಗತಿಯ ಮಗುವಿಗೆ ಮಗ್ಗಿ ನಿಜವಾಗಿ ಬಂದಿದೆಯೇ ಎಂಬುದನ್ನು ಸದಸ್ಯರು ಸ್ವತಃ ಅರಿಯುವುದು, ಬಾರದಿದ್ದಲ್ಲಿ ಪಂಚಾಯಿತಿಯ ವ್ಯಾಪ್ತಿಯಲ್ಲಿಯೇ ಮಾಡಬಹುದಾದ ಕಾರ್ಯಗಳನ್ನು ನಿರ್ಧರಿಸುವುದು.

1. ಮೂರನೆಯ ತರಗತಿಯೇ ಏಕೆ?

ಹೆಗ್ಗಡದೇವನಕೋಟೆ ತಾಲ್ಲೂಕಿಗೂ ರಾಜ್ಯದ ಪ್ರಾಥಮಿಕ ಶಿಕ್ಷಣಕ್ಕೂ ಹಳೆಯ ನಂಟಿದೆ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಪ್ರಯೋಗವನ್ನು ಕಂಡುಬಂದ ಸರ್ಕಾರಿ ಶಾಲಾ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಈ ತಾಲ್ಲೂಕಿನಲ್ಲಿ ಆರಂಭಿಸಿದ ‘ನಲಿ-ಕಲಿ’ ಪದ್ಧತಿಯು ಮುಂದೆ ರಾಜ್ಯದಾದ್ಯಂತ ವಿಸ್ತರಿಸಿತು. ನಲಿ-ಕಲಿ ತರಗತಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯ ಮೆಟ್ಟಿಲುಗಳನ್ನು ತನ್ನ ವೇಗದಲ್ಲಿ ಏರುತ್ತದೆ. ನಾಲ್ಕನೆಯ ತರಗತಿಗೆ ಬಂದಾಗ ಆ ಏಣಿ ಇರುವುದಿಲ್ಲ. ಎಲ್ಲರಿಗೂ ಒಂದೇ ಪಾಠ ಒಟ್ಟಿಗೆ ನಡೆಯುತ್ತದೆ. ಭಾಗಾಕಾರ, ಭಿನ್ನರಾಶಿ, ವಿಸ್ತೀರ್ಣ ಮುಂತಾದವೆಲ್ಲ ಗುಣಾಕಾರದ ಮೇಲೆಯೇ ನಿಂತಿವೆ. ಮಗ್ಗಿ ಬಾರದ ಮಗು ಅಲ್ಲಿಂದ ಮುಂದೆ ಪ್ರತಿ ಪಾಠದಲ್ಲಿಯೂ ಹಿಂದೆ ಉಳಿಯುತ್ತದೆ.

2021ರ ಜುಲೈ 5ರಂದು ಆರಂಭವಾದ ನಿಪುಣ್ ಭಾರತ್ ಅಭಿಯಾನವು, ಮೂರನೆಯ ತರಗತಿಯ ಅಂತ್ಯಕ್ಕೆ ಮಗುವು 9999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು, ಸರಳ ಗುಣಾಕಾರದ ಲೆಕ್ಕಗಳನ್ನು ಬಿಡಿಸಬೇಕು ಎಂಬ ಗುರಿಯನ್ನು ನಿಗದಿಪಡಿಸಿದೆ. 2024ರ ಡಿಸೆಂಬರ್ 4ರಂದು 3, 6 ಮತ್ತು 9ನೆಯ ತರಗತಿಗಳಿಗೆ ನಡೆದ ಪರಖ್ ರಾಷ್ಟ್ರೀಯ ಸರ್ವೇಕ್ಷಣೆಯಲ್ಲಿ, 10ರವರೆಗಿನ ಸಂಕಲನ ಹಾಗೂ ಗುಣಾಕಾರ ಮಗ್ಗಿಗಳನ್ನು ಅರಿತು ನಾಲ್ಕೂ ಮೂಲಕ್ರಿಯೆಗಳನ್ನು ಬಳಸಬಲ್ಲ 6ನೆಯ ತರಗತಿಯ ಮಕ್ಕಳ ಪ್ರಮಾಣವು ದೇಶದಲ್ಲಿ ಶೇ. 53 ಮಾತ್ರ. ಮೂರನೆಯ ತರಗತಿಯಲ್ಲಿ ಉಳಿದ ಕೊರತೆಯು ಮೂರು ವರ್ಷಗಳ ನಂತರವೂ ತಾನಾಗಿ ನೀಗುವುದಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

2. ಮಗ್ಗಿ ಹೇಳುವುದು ಬೇರೆ, ಮಗ್ಗಿ ಬರುವುದು ಬೇರೆ

‘ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು’ ಎಂದು ಮಕ್ಕಳು ರಾಗವಾಗಿ ಹೇಳುವುದನ್ನು ಕೇಳಿದ ಹಿರಿಯರಿಗೆ ಸಂತೋಷವಾಗುವುದು ಸಹಜ. ಬಾಯಿಪಾಠವು ತಳ್ಳಿಹಾಕುವಂಥದ್ದಲ್ಲ, ರಾಗವು ನೆನಪಿಗೆ ಆಸರೆ. ಆದರೆ ‘ಏಳಾರ್ಲ ಎಷ್ಟು?’ ಎಂದು ನಡುವಿನಿಂದ ಕೇಳಿದೊಡನೆ ಮಗುವು ಏಳೊಂದ್ಲ ಏಳರಿಂದ ಮತ್ತೆ ಆರಂಭಿಸಿದರೆ, ಅದಕ್ಕೆ ಹಾಡು ಬಂದಿದೆಯೇ ಹೊರತು ಲೆಕ್ಕ ಬಂದಿಲ್ಲ.

ಇನ್ನೊಂದು ಪರೀಕ್ಷೆಯಿದೆ. ‘ಒಂದು ಬೆಂಚಿನ ಮೇಲೆ 4 ಮಕ್ಕಳಂತೆ 7 ಬೆಂಚುಗಳ ಮೇಲೆ ಎಷ್ಟು ಮಕ್ಕಳು?’ ಎಂದು ಕೇಳಿದಾಗ ಉತ್ತರ 11 ಎಂದು ಬಂದರೆ, ಮಗುವು ಕಂಡ ಎರಡು ಸಂಖ್ಯೆಗಳನ್ನು ಕೂಡಿದೆ ಎಂದರ್ಥ. ಅಂತಹ ಮಗುವಿಗೆ ಮಗ್ಗಿಯನ್ನು ಇನ್ನೂ ನೂರು ಸಲ ಬರೆಸಿದರೆ ಪ್ರಯೋಜನವಿಲ್ಲ. ‘ಸಮಾನ ಗುಂಪುಗಳು’ ಎಂಬುದನ್ನು ಕಣ್ಣಿಗೆ ಕಾಣಿಸಬೇಕು. ಬಿಸಿಯೂಟಕ್ಕೆ ಬರುವ ಮೊಟ್ಟೆಯ ಟ್ರೇ ಇದಕ್ಕೆ ಅತ್ಯುತ್ತಮ ಪಾಠೋಪಕರಣ. 5 ಸಾಲು, ಸಾಲಿಗೆ 6 ಗುಳಿ, ಒಟ್ಟು 30. ಟ್ರೇಯನ್ನು ತಿರುಗಿಸಿ ಹಿಡಿದರೆ 6 ಸಾಲು, ಸಾಲಿಗೆ 5, ಆಗಲೂ 30. ಐದಾರ್ಲ ಎಂದರೂ ಆರೈದ್ಲ ಎಂದರೂ ಒಂದೇ ಎಂಬುದು ಮಾತಿಲ್ಲದೆ ತಿಳಿಯುತ್ತದೆ.

3. ನೂರರ ಭಯ, ಹದಿನೈದರ ಕೆಲಸ

1ರಿಂದ 10ರವರೆಗಿನ ಮಗ್ಗಿಗಳಲ್ಲಿ 100 ಗುಣಲಬ್ಧಗಳಿವೆ. ಮಗುವಿಗೂ ಪೋಷಕರಿಗೂ ಈ ಸಂಖ್ಯೆಯೇ ಭಯ ಹುಟ್ಟಿಸುತ್ತದೆ. ಹೊರೆಯನ್ನು ಹಂತಹಂತವಾಗಿ ಇಳಿಸಬಹುದು:

ಅ) 4 × 7 ಮತ್ತು 7 × 4 ಒಂದೇ ಎಂದು ತಿಳಿದರೆ ಉಳಿಯುವುದು 55.
ಆ) 1 ಮತ್ತು 10ರ ಮಗ್ಗಿಗೆ ಶ್ರಮ ಬೇಕಿಲ್ಲ, ಉಳಿಯುವುದು 36.
ಇ) 2ರದ್ದು ಜೋಡಿ ಎಣಿಕೆ, 5ರದ್ದು ಕೈಬೆರಳಿನ ಎಣಿಕೆ. ಇವೆರಡೂ ಬಂದರೆ ಉಳಿಯುವುದು 21.
ಈ) 9ರ ಮಗ್ಗಿಯನ್ನು 10ರಿಂದ ಪಡೆಯಬಹುದು: 9 × 7 ಎಂದರೆ 70ರಲ್ಲಿ 7 ಕಳೆದು 63. ಉಳಿಯುವುದು 15 ಮಾತ್ರ.

ಆ ಹದಿನೈದು ಇವು: 3×3, 3×4, 3×6, 3×7, 3×8, 4×4, 4×6, 4×7, 4×8, 6×6, 6×7, 6×8, 7×7, 7×8, 8×8. ವಾರಕ್ಕೆ ಮೂರರಂತೆ ಕಲಿತರೆ ಐದು ವಾರಗಳ ಕೆಲಸ. ಇವುಗಳಿಗೂ ದಾರಿಗಳಿವೆ. 4ರದ್ದು 2ರದ್ದರ ಇಮ್ಮಡಿ. 8ರದ್ದು 4ರದ್ದರ ಇಮ್ಮಡಿ. 7 × 8 ಮರೆತರೆ 7 × 5 = 35, 7 × 3 = 21, ಕೂಡಿದರೆ 56. ಮರೆತುಹೋದದ್ದನ್ನು ತಾನೇ ಕಂಡುಕೊಳ್ಳಬಲ್ಲ ಮಗುವು ಪರೀಕ್ಷೆಯಲ್ಲಿ ಗಾಬರಿಯಾಗುವುದಿಲ್ಲ.

ದಿನಕ್ಕೆ ಹತ್ತು ನಿಮಿಷಗಳ ಅಭ್ಯಾಸವು ವಾರಕ್ಕೊಮ್ಮೆ ಒಂದು ಗಂಟೆ ಕೂರಿಸುವುದಕ್ಕಿಂತ ಮೇಲು. ನಿನ್ನೆಯ ಮೂರನ್ನು ಇಂದು ಮತ್ತೆ ಕೇಳಬೇಕು. ಕಳೆದ ವಾರದ ಮೂರನ್ನೂ ನಡುನಡುವೆ ಕೇಳಬೇಕು. ಅಳಗುಳಿ ಮಣೆ ಇರುವ ಮನೆಯಲ್ಲಿ ಅಭ್ಯಾಸವೇ ಆಟವಾಗುತ್ತದೆ. ಒಂದು ಬದಿಯ 7 ಗುಳಿಗಳಿಗೆ ನಾಲ್ಕು ನಾಲ್ಕು ಹುಣಸೆ ಬೀಜ ಹಾಕಿದರೆ 28, ಐದೈದು ಹಾಕಿದರೆ 35, ಆರಾರು ಹಾಕಿದರೆ 42. ಅಕ್ಷರ ಬಾರದ ಅಜ್ಜಿಯೂ ಈ ಪಾಠ ಹೇಳಬಲ್ಲರು.

4. ಮೌಲ್ಯಮಾಪನಕ್ಕೆ ಸಿದ್ಧತೆ

ಶಾಲೆಯಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಹಾಗೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಸಂಕಲನಾತ್ಮಕ ಮೌಲ್ಯಮಾಪನಗಳು ಸಾಮಾನ್ಯವಾಗಿ ದಸರಾ ರಜೆಯ ಮುನ್ನ ಮತ್ತು ಶೈಕ್ಷಣಿಕ ವರ್ಷದ ಕೊನೆಯಲ್ಲಿ ಬರುತ್ತವೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಉರು ಹೊಡೆಸುವುದು ಸಿದ್ಧತೆಯಲ್ಲ. ಒಂದೇ ಸತ್ಯವನ್ನು ನಾಲ್ಕು ಬಗೆಯಲ್ಲಿ ಕೇಳಿ ಅಭ್ಯಾಸ ಮಾಡಿಸುವುದು ಸಿದ್ಧತೆ: 6 × 7 ಎಷ್ಟು? 6ನ್ನು ಎಷ್ಟರಿಂದ ಗುಣಿಸಿದರೆ 42? 6 ಸಾಲು, ಸಾಲಿಗೆ 7 ಸಸಿ, ಒಟ್ಟು ಎಷ್ಟು? 42 ಸಸಿಗಳನ್ನು 6 ಸಾಲಿಗೆ ಸಮನಾಗಿ ಹಂಚಿದರೆ ಸಾಲಿಗೆ ಎಷ್ಟು? ನಾಲ್ಕಕ್ಕೂ ಉತ್ತರಿಸುವ ಮಗುವು ಯಾವ ಪ್ರಶ್ನೆಪತ್ರಿಕೆಗೂ ಸಿದ್ಧ.

5. ಈ ನಾಲ್ಕು ತಾಲ್ಲೂಕುಗಳ ವಿಶೇಷ ಸಂದರ್ಭ

ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆಗಳಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೊಗೆಸೊಪ್ಪು ಕೊಯ್ದು ಬ್ಯಾರನ್‌ಗಳಲ್ಲಿ ಹದಗೊಳಿಸುವ ಕಾಲ. ಕೃಷ್ಣರಾಜನಗರದ ನಾಲಾ ಬಯಲಿನಲ್ಲಿ ಅದೇ ಹೊತ್ತಿಗೆ ಭತ್ತದ ನಾಟಿ. ಡಿಸೆಂಬರ್‌ನಿಂದ ಹಾಡಿಗಳ ಅನೇಕ ಕುಟುಂಬಗಳು ಕಾಫಿ ಕೊಯ್ಲಿಗೆ ಕೊಡಗಿನ ತೋಟಗಳಿಗೆ ತೆರಳುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಎರಡು ದುಡಿಮೆಯ ಕಾಲಗಳೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಮುಂಚಿನ ತಿಂಗಳುಗಳಲ್ಲಿಯೇ ಬರುತ್ತವೆ. ಗುಣಾಕಾರ ನಡೆಯುವ ವಾರಗಳಲ್ಲಿ ಮಗು ಶಾಲೆಯಲ್ಲಿಲ್ಲದಿದ್ದರೆ ಅದನ್ನು ‘ದಡ್ಡ’ ಎಂದು ಕರೆಯುವುದು ಅನ್ಯಾಯ. ಈ ಮಕ್ಕಳು ಯಾರು, ಎಂದು ಹೋಗುತ್ತಾರೆ, ಎಂದು ಮರಳುತ್ತಾರೆ ಎಂಬುದು ಇಲಾಖೆಗಿಂತ ಮೊದಲು ವಾರ್ಡಿನ ಸದಸ್ಯರಿಗೆ ತಿಳಿದಿರುತ್ತದೆ. ಪಂಚಾಯಿತಿಯ ಪಾತ್ರವು ಇಲ್ಲಿಂದಲೇ ಆರಂಭವಾಗುತ್ತದೆ.

6. ಸದಸ್ಯರು ಕೈಗೊಳ್ಳಬಹುದಾದ ಕಾರ್ಯಗಳು

ಅ) 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಪ್ರಕರಣವು ಶಾಲಾ ಸಮಿತಿಯಲ್ಲಿ ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗೆ ಸ್ಥಾನ ನೀಡಿದೆ. ಎಸ್‌ಡಿಎಂಸಿ ಸಭೆಯಲ್ಲಿ ಕಟ್ಟಡ, ಕಾಂಪೌಂಡುಗಳ ಜೊತೆಗೆ ‘ಮೂರನೆಯ ತರಗತಿಯ ಎಷ್ಟು ಮಕ್ಕಳಿಗೆ ಆ ಹದಿನೈದು ಬಂದಿವೆ?’ ಎಂದೂ ಕೇಳಬೇಕು.

ಆ) ಕೆಲಸಕ್ಕೆ ವಲಸೆ ಹೋಗುವ ಕುಟುಂಬಗಳ ಮಕ್ಕಳ ಪಟ್ಟಿಯನ್ನು ನವೆಂಬರ್ ಒಳಗೆ ಮುಖ್ಯ ಶಿಕ್ಷಕರಿಗೆ ನೀಡಬೇಕು, ಮರಳಿದ ವಾರದಲ್ಲಿಯೇ ಅವರಿಗೆ ಪ್ರತ್ಯೇಕ ಅಭ್ಯಾಸ ಆರಂಭವಾಗುವಂತೆ ನೋಡಿಕೊಳ್ಳಬೇಕು.

ಇ) ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸಂಜೆ ಹತ್ತು ನಿಮಿಷಗಳ ಮಗ್ಗಿ ಆಟಕ್ಕೆ ಅವಕಾಶ ಕಲ್ಪಿಸಬೇಕು. ಒಂದು ಅಳಗುಳಿ ಮಣೆ, ಒಂದು ಹಿಡಿ ಹುಣಸೆ ಬೀಜ, ಕೈಯಲ್ಲಿ ಬರೆದ ಹದಿನೈದು ಚೀಟಿಗಳು ಸಾಕು.

ಈ) ಮಕ್ಕಳ ಗ್ರಾಮ ಸಭೆಯಲ್ಲಿ ಯಾವ ಮಗುವನ್ನೂ ನಿಲ್ಲಿಸಿ ಮಗ್ಗಿ ಕೇಳಬಾರದು. ಹತ್ತು ಜನರೆದುರು ತಪ್ಪಿದ ಮಗು ಮತ್ತೆ ಬಾಯಿ ತೆರೆಯುವುದು ಕಷ್ಟ. ಕೇಳುವುದಿದ್ದರೆ ಪಕ್ಕದಲ್ಲಿ ಕುಳಿತು, ‘ಹೇಗೆ ಕಂಡುಕೊಂಡೆ, ಮಗು?’ ಎಂದು ಕೇಳಬೇಕು.

7. ಚರ್ಚೆಗೆ ಪ್ರಶ್ನೆಗಳು

1) ತಮ್ಮ ವಾರ್ಡಿನ ಶಾಲೆಯಲ್ಲಿ ಮೂರನೆಯ ತರಗತಿಯ ಮಕ್ಕಳೆಷ್ಟು? ಅವರಲ್ಲಿ ಕಳೆದ ಹೊಗೆಸೊಪ್ಪು, ನಾಟಿ ಅಥವಾ ಕಾಫಿ ಕೊಯ್ಲಿನ ಕಾಲದಲ್ಲಿ ಎರಡು ವಾರಕ್ಕಿಂತ ಹೆಚ್ಚು ಗೈರಾದವರು ಯಾರು?
2) ಆ ಮಕ್ಕಳಿಗೆ ತಪ್ಪಿದ ಪಾಠವನ್ನು ಮರಳಿ ಕಲಿಸಿದವರು ಯಾರು? ಯಾರೂ ಇಲ್ಲವಾದರೆ, ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಈ ಹೊಣೆಯನ್ನು ಯಾರಿಗೆ ವಹಿಸಲಾಗುವುದು?